ತಟ್ಟೆ ಎತ್ತುವ ಹುಡುಗನ ಕಥೆ ಮತ್ತು ಹ್ಯೂಸನ ಕವಿತೆ

ಹೊಟ್ಟೆಪಾಡಿಗಾಗಿ ಭೋಜನಗೃಹಗಳಲ್ಲಿ ದುಡಿದ ಕವಿಗಳನ್ನೂ ಗಾಯಕ ವಾದಕರನ್ನೂ ಕುರಿತು ಬರೆಯುವಾಗ ವಿಮರ್ಶೆಯು ಒಂದು ಸುಲಭವಾದ ಜಾಡನ್ನು ಹಿಡಿದುಬಿಡುತ್ತದೆ. ದುಡಿಮೆಯೆಂಬುದು ಕತ್ತಲೆ, ಕಲೆಯೆಂಬುದು ಬೆಳಕು. ಹಿರಿಯರೊಬ್ಬರು ಕೈಹಿಡಿದು ಮೇಲೆತ್ತಿದಂದು ಕಲಾವಿದನ ನಿಜವಾದ ಜೀವನದ ಆರಂಭ. ಅಮೆರಿಕದ ಕಪ್ಪು ಜನರ ಕವಿ ಲ್ಯಾಂಗ್‌ಸ್ಟನ್ ಹ್ಯೂಸನ ವಿಷಯದಲ್ಲಿ ಈ ಜಾಡು ಓದುಗರನ್ನು ಕವಿತೆಯಿಂದಲೇ ದೂರ ಒಯ್ದಿದೆಯೆಂದು ನಮಗೆ ತೋರುತ್ತದೆ.

ಕಥೆ ಪ್ರಸಿದ್ಧವಾದುದು. 1925ರ ಕೊನೆಯಲ್ಲಿ ಹ್ಯೂಸ್ ವಾಷಿಂಗ್‌ಟನ್ನಿನ ವಾರ್ಡ್‌ಮನ್ ಪಾರ್ಕ್ ಹೋಟೆಲಿನಲ್ಲಿ ಊಟದ ಮೇಜುಗಳಿಂದ ಎಂಜಲು ತಟ್ಟೆಗಳನ್ನು ಎತ್ತುವ ಕೆಲಸದಲ್ಲಿದ್ದನು. ನಮ್ಮ ಹೋಟೆಲುಗಳಲ್ಲಿ ಕ್ಲೀನರ್ ಎನಿಸಿಕೊಳ್ಳುವ ಹುಡುಗನ ಕೆಲಸ. ಅಲ್ಲಿಗೆ ಬಂದಿದ್ದ ಕವಿ ವೇಚೆಲ್ ಲಿಂಡ್ಸೆ ಊಟಕ್ಕೆ ಕುಳಿತಾಗ, ತಟ್ಟೆಯ ಪಕ್ಕದಲ್ಲಿ ತನ್ನ ಮೂರು ಕವಿತೆಗಳನ್ನಿಟ್ಟು ಸರಿದುಹೋದನು. ಲಿಂಡ್ಸೆ ಅಂದು ರಾತ್ರಿಯೇ ಅವನ್ನು ಸಭೆಯಲ್ಲಿ ಓದಿ, ತಾನೊಬ್ಬ ಕವಿಯನ್ನು ಕಂಡುಹಿಡಿದೆನೆಂದು ಸಾರಿದನು. ಬೆಳಗಾಗುವಷ್ಟರಲ್ಲಿ ಪತ್ರಿಕೆಯವರು ಬಂದರು. ತಟ್ಟೆಗಳನ್ನು ಹೊತ್ತು ನಿಂತ ಹ್ಯೂಸನ ಚಿತ್ರ ತೆಗೆದರು. ಆ ವಾಚನ ನಡೆದುದು ಅದೇ ಹೋಟೆಲಿನ ಸಭಾಂಗಣದಲ್ಲಿ. ಕಪ್ಪು ಜನರಿಗೆ ಅಲ್ಲಿ ಪ್ರವೇಶವಿಲ್ಲದಿದ್ದುದರಿಂದ, ಕವಿತೆ ಬರೆದವನೊಬ್ಬನೇ ಅದನ್ನು ಕೇಳಲಾರದವನಾದನು.

ಕಂಡುಹಿಡಿದುದೆಂಬ ಮಾತಿಗೆ ಆಧಾರವಿಲ್ಲ. ಆ ಮೂರರಲ್ಲಿ ಒಂದಾದ ‘ದಿ ವೇರಿ ಬ್ಲೂಸ್’ ಅದೇ ವರ್ಷದ ಮೇ ತಿಂಗಳಲ್ಲಿ ‘ಆಪರ್ಚುನಿಟಿ’ ಪತ್ರಿಕೆಯ ಸ್ಪರ್ಧೆಯಲ್ಲಿ ಮೊದಲನೆಯ ಬಹುಮಾನ ಪಡೆದಿತ್ತು. ನಾಫ್ ಪ್ರಕಾಶನಸಂಸ್ಥೆ ಅವನ ಮೊದಲ ಸಂಕಲನವನ್ನು ಒಪ್ಪಿಕೊಂಡಿತ್ತು. ಅದು 1926ರಲ್ಲಿ ಹೊರಬಂದಿತು. ಲಿಂಡ್ಸೆಯ ಔದಾರ್ಯ ನಿಜವಾದುದೇ. ಹೊಗಳುಭಟರಿಂದ ದೂರವಿದ್ದು ಓದು ಬರಹಗಳಲ್ಲಿ ತೊಡಗೆಂದು ಆತ ಹ್ಯೂಸನಿಗೆ ಬರೆದಿಟ್ಟುಹೋದ ಬುದ್ಧಿಮಾತು ಇಂದಿಗೂ ಬೆಲೆಯುಳ್ಳದ್ದು. ಆದರೆ ಕೀರ್ತಿಯ ಫಲವೇನಾಯಿತೆಂದರೆ, ಅತಿಥಿಗಳು ಈ ವಿಚಿತ್ರವನ್ನು ನೋಡಬಯಸಿ ಹುಡುಗನನ್ನು ಮೇಜಿನ ಬಳಿಗೆ ಕರೆಸತೊಡಗಿದರು. ಹ್ಯೂಸ್ ಸಂಬಳದ ದಿನ ಕೆಲಸ ಬಿಟ್ಟನು.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯವಾದುದು. ಈ ಕೆಲಸಕ್ಕೆ ಅವನು ವಿಧಿಯಿಲ್ಲದೆ ಬಿದ್ದವನಲ್ಲ. ಅದಕ್ಕೆ ಮೊದಲು ಚರಿತ್ರಕಾರ ಕಾರ್ಟರ್ ವುಡ್ಸನ್ನನ ಕಚೇರಿಯಲ್ಲಿ ಗೌರವದ ಉದ್ಯೋಗವಿತ್ತು. ಅದು ಕಣ್ಣುಗಳನ್ನು ದಣಿಸುತ್ತಿತ್ತು, ಮನಸ್ಸಿಗೂ ಒಗ್ಗಲಿಲ್ಲ. ಊಟ ಸಿಗುವ, ಕಣ್ಣಿಗೆ ಹಗುರವಾದ, ಗೌರವವಿಲ್ಲದ ಹೋಟೆಲು ಕೆಲಸವನ್ನು ತಾನೇ ಆರಿಸಿಕೊಂಡುದಾಗಿ 1940ರ ಆತ್ಮಕಥೆ ‘ದಿ ಬಿಗ್ ಸೀ’ಯಲ್ಲಿ ಅವನೇ ಹೇಳಿದ್ದಾನೆ. 1924ರಲ್ಲಿ ಪ್ಯಾರಿಸ್ಸಿನ ಮೊಂಮಾರ್ತ್ರ್‌ನಲ್ಲಿದ್ದ ‘ಲ ಗ್ರಾಂ ದ್ಯುಕ್’ ಎಂಬ ರಾತ್ರಿಕೂಟದ ಅಡಿಗೆಮನೆಯಲ್ಲಿಯೂ ಅವನು ಪಾತ್ರೆ ತೊಳೆದಿದ್ದನು. ಅಲ್ಲಿ ಗಿರಾಕಿಗಳು ಹೋದಮೇಲೆ ನಸುಕಿನವರೆಗೆ ಜಾಸ್ ವಾದಕರು ತಮಗಾಗಿಯೇ ನುಡಿಸುತ್ತಿದ್ದರು.

ಇಂತಹ ಸಾಮೀಪ್ಯವನ್ನೇ ಪ್ರಭಾವವೆಂದು ಬರೆದುಬಿಡುವುದು ಮಾತ್ರ ಸಲ್ಲದು. ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ ಹಾರ್ಲೆಮ್ಮಿನ ಭೋಜನಶಾಲೆಯೊಂದರಲ್ಲಿ ಪಾತ್ರೆ ತೊಳೆಯುತ್ತಿದ್ದಾಗ ಅಲ್ಲಿ ಪಿಯಾನೋ ನುಡಿಸುತ್ತಿದ್ದವನು ಆರ್ಟ್ ಟೇಟಮ್. ಆದುದರಿಂದ ಪಾರ್ಕರನ ಶೈಲಿ ಆ ತೊಟ್ಟಿಯ ಬಳಿ ಹುಟ್ಟಿತೆನ್ನುವವರಿದ್ದಾರೆ. ಕೇಳುವುದಕ್ಕೆ ಸೊಗಸು, ಸಾಕ್ಷ್ಯ ದೊರೆಯಬೇಕಾದುದು ಅವನ ನುಡಿಸಾಣಿಕೆಯಲ್ಲಿ.

ಹ್ಯೂಸನಲ್ಲಿ ಸಾಕ್ಷ್ಯ ಕವಿತೆಯಲ್ಲಿಯೇ ಇದೆ. 1927ರ ‘ಫೈನ್ ಕ್ಲೋತ್ಸ್ ಟು ದಿ ಜ್ಯೂ’ ಸಂಕಲನದಲ್ಲಿ ‘ಬ್ರಾಸ್ ಸ್ಪಿಟೂನ್ಸ್’, ಎಂದರೆ ಹಿತ್ತಾಳೆಯ ಪೀಕದಾನಿಗಳು, ಎಂಬ ಪದ್ಯವಿದೆ. ಹೋಟೆಲಿನ ಪೀಕದಾನಿಗಳನ್ನು ಉಜ್ಜುವ ಆಳೊಬ್ಬನ ಸ್ವಗತವದು. ಡೆಟ್ರಾಯಿಟ್, ಷಿಕಾಗೊ ಮೊದಲಾದ ಊರುಗಳ ಹೆಸರು, ಅಡಿಗೆಮನೆಯ ಹಬೆ, ದಿನಕ್ಕೆ ಎರಡು ಡಾಲರಿನವರೆಗೆ ಏರುವ ಚಿಲ್ಲರೆಯ ಎಣಿಕೆ, ಮಗುವಿಗೆ ಪಾದರಕ್ಷೆ, ಮನೆಬಾಡಿಗೆ, ಶನಿವಾರದ ಮದ್ಯ, ಭಾನುವಾರದ ಪ್ರಾರ್ಥನೆ ಎಲ್ಲವೂ ಒಂದರ ಮೇಲೊಂದು ಬಂದು ಬೀಳುತ್ತವೆ. ಅವನ ಯೋಚನೆ ಎಲ್ಲಿ ತುಸು ಉದ್ದವಾದರೂ ಅಲ್ಲಿ ಹುಡುಗನನ್ನು ಕೂಗುವ ಯಜಮಾನನ ದನಿ ಅದನ್ನು ಕಡಿಯುತ್ತದೆ. ಇದು ವಸ್ತುವಿನ ಮಾತಷ್ಟೇ ಅಲ್ಲ, ಬಂಧದ ಮಾತು: ಪಂಕ್ತಿಯ ಉದ್ದವನ್ನು ಇಲ್ಲಿ ಛಂದಸ್ಸು ಗೊತ್ತುಮಾಡುತ್ತಿಲ್ಲ, ಕೂಗು ಗೊತ್ತುಮಾಡುತ್ತದೆ. ಕರೆಗೆ ಓಗೊಡುತ್ತ ನಡುನಡುವೆ ಯೋಚಿಸಿ ಬಲ್ಲವನಿಗಲ್ಲದೆ ಈ ಲಯ ಸುಲಭವಾಗಿ ಹೊಳೆಯುವಂಥದಲ್ಲ.

ಪದ್ಯದ ಕೊನೆಯನ್ನು ವಿಶೇಷವಾಗಿ ಗಮನಿಸಬೇಕು. ಉಜ್ಜಿ ಬೆಳಗಿದ ಪಾತ್ರೆ ಆಳಿನ ಕಣ್ಣಿಗೆ ದಾವೀದ ಅರಸನ ನರ್ತಕರ ತಾಳದಂತೆ, ಸೊಲೊಮೋನನ ಪಾನಪಾತ್ರೆಯಂತೆ ಹೊಳೆಯುತ್ತದೆ. ದೇವರ ವೇದಿಕೆಯ ಮೇಲಿಡಲು ತನ್ನಲ್ಲಿ ಇದಾದರೂ ಇದೆಯೆಂದುಕೊಳ್ಳುತ್ತಾನೆ. ಕೊಳಕನ್ನು ಪಾವನಗೊಳಿಸುವ ಈ ಎತ್ತರದಲ್ಲಿ ನಿಲ್ಲಿಸಿದ್ದರೆ ಪದ್ಯ ದುಡಿಮೆಯ ಸ್ತೋತ್ರವಾಗುತ್ತಿತ್ತು; ಕೆಲವರು ಅದನ್ನು ಹಾಗೆಯೇ ಓದಿಯೂ ಬಿಟ್ಟಾರು. ಹ್ಯೂಸ್ ಅಲ್ಲಿ ನಿಲ್ಲಿಸಿಲ್ಲ. ಕೊನೆಯ ಪಂಕ್ತಿಯಲ್ಲಿರುವುದು ವೇದಿಕೆಯಲ್ಲ, ಹುಡುಗನನ್ನು ಬಳಿಗೆ ಬಾರೆಂದು ಕರೆಯುವ ಅದೇ ದನಿ.