ಹೊದಿಕೆಯ ಛಂದಸ್ಸು

ಗಣಕಯಂತ್ರದ ಪರದೆಯನ್ನು ತಮ್ಮ ಮನಸ್ಸಿಗೊಪ್ಪುವಂತೆ ಸಿಂಗರಿಸಿಕೊಂಡವರ ಕೆಲಸವನ್ನು ಬಿಡುವಿನ ವಿನೋದವೆಂದು ತಳ್ಳಿಹಾಕುವುದು ಸುಲಭ. ಆದರೆ ಅದಕ್ಕೊಂದು ಚರಿತ್ರೆಯಿದೆ; ಚರಿತ್ರೆಯುಳ್ಳ ಕಲೆಗೆ ವಿಮರ್ಶೆಯೂ ಸಲ್ಲಬೇಕು. ವಿನ್‌ಆಂಪ್ ಎಂಬ ಸಂಗೀತ ನುಡಿಸುವ ತಂತ್ರಾಂಶಕ್ಕೆ ಅದರ ಅಭಿಮಾನಿಗಳು ರಚಿಸಿದ ‘ಸ್ಕಿನ್’ಗಳು, ಅಂದರೆ ಹೊದಿಕೆಗಳು, ಇದಕ್ಕೆ ಉತ್ತಮ ನಿದರ್ಶನ.

ಅಮೆರಿಕದ ಜಸ್ಟಿನ್ ಫ್ರಾಂಕೆಲ್ ಅವರು ೧೯೯೭ರಲ್ಲಿ ಈ ತಂತ್ರಾಂಶವನ್ನು ಹೊರತಂದರು. ಅದರ ಮುಖ್ಯ ಕಿಟಕಿಯ ಅಳತೆ ೨೭೫ಕ್ಕೆ ೧೧೬ ಚಿತ್ರಬಿಂದುಗಳು. ಗುಂಡಿಗಳ ಸ್ಥಾನವೂ ನಿಯತ. ಹೊದಿಕೆಯೆಂಬುದು ಒಂದು ಕಂತೆಯಲ್ಲಿ ಅಡಕವಾದ ಕೆಲವು ಚಿತ್ರಗಳಷ್ಟೆ. ತಂತ್ರಾಂಶ ರಚನೆ ಬಾರದಿದ್ದರೂ ಚಿತ್ರ ಬರೆಯಬಲ್ಲವರೆಲ್ಲರೂ ಇದಕ್ಕೆ ಕೈಹಾಕಬಹುದಾಗಿತ್ತು. ಆ ಕಂತೆಯನ್ನು ಯಾರಾದರೂ ಬಿಚ್ಚಿ ನೋಡಬಹುದಾದುದರಿಂದ ಒಬ್ಬರ ಕೃತಿ ಇನ್ನೊಬ್ಬರಿಗೆ ಪಾಠವಾಯಿತು. ಕೃತಿಚೌರ್ಯದ ಜಗಳಗಳು ಹುಟ್ಟಿದುದೂ ಅದರಿಂದಲೇ.

ಕಂದಪದ್ಯದ ಗಣನಿಯಮ ಕವಿಯ ಕೈಯನ್ನು ಕಟ್ಟುವುದಿಲ್ಲ. ಕವಿಗಳ ತಾರತಮ್ಯವನ್ನು ತೋರಿಸಿಕೊಡುತ್ತದೆ. ಈ ಚಿಕ್ಕ ಚೌಕಟ್ಟು ಮಾಡಿದುದೂ ಅದನ್ನೇ. ನಟಿಯ ಭಾವಚಿತ್ರವನ್ನೋ ಮೋಟಾರು ಗಾಡಿಯನ್ನೋ ಗುಂಡಿಗಳ ಹಿಂದೆ ಅಂಟಿಸಿದ ಹೊದಿಕೆಗಳು ಹೇರಳ. ಅವುಗಳಲ್ಲಿ ಚಿತ್ರ ಬೇರೆ, ಯಂತ್ರ ಬೇರೆ. ಉತ್ತಮ ಹೊದಿಕೆಯಲ್ಲಾದರೋ ಮರದ ನಾರು, ಲೋಹದ ಹೊಳಪು, ಗುಂಡಿಯ ನೆರಳು ಒಂದೇ ವಸ್ತುವಾಗಿ ಕೂಡಿಕೊಂಡು, ಒತ್ತಿದ ಗುಂಡಿ ನಿಜವಾಗಿಯೂ ಒಳಸರಿದಂತೆ ತೋರುತ್ತದೆ. ಅಲಂಕಾರ ಅಲ್ಲಿ ಅಂಗವೇ ಆಗಿದೆ.

೨೦೦೨ರ ಮೂರನೆಯ ಆವೃತ್ತಿ ಈ ಕಟ್ಟನ್ನು ಸಡಿಲಿಸಿತು. ಕಿಟಕಿಗೆ ಬೇಕಾದ ಆಕಾರ, ಗುಂಡಿಗಳಿಗೆ ಬೇಕಾದ ಸ್ಥಾನ ದೊರೆತವು. ಆದರೆ ರಚನೆ ತೊಡಕಾಯಿತು, ತಂತ್ರಾಂಶವೂ ಭಾರವಾಯಿತು. ಬಹುಮಂದಿ ಹಳೆಯದಕ್ಕೇ ಮರಳಿದರು. ೨೦೦೩ರ ಐದನೆಯ ಆವೃತ್ತಿ ಎರಡು ಬಗೆಯ ಹೊದಿಕೆಗಳಿಗೂ ಎಡೆಗೊಟ್ಟಿತು. ಸ್ವಾತಂತ್ರ್ಯ ಹೆಚ್ಚಿದಷ್ಟೂ ಕಲೆ ಬೆಳೆಯುವುದೆಂಬ ಮಾತಿಗೆ ಇದು ತಕ್ಕ ಉತ್ತರ. ಎಲ್ಲರ ಕೈಗೂ ಎಟುಕುವ ನಿಯಮವೇ ಇಲ್ಲಿ ಪರಂಪರೆಯನ್ನು ಕಟ್ಟಿತು.

ಇಂತಹ ಹೊದಿಕೆಕಾರರ ನಡುವೆಯೇ ೨೦೦೦ದಲ್ಲಿ ಹುಟ್ಟಿದ ಡೀವಿಯಂಟ್‌ಆರ್ಟ್ ಮುಂದೆ ಸಕಲ ಚಿತ್ರಕಲೆಯ ದೊಡ್ಡ ಸಂತೆಯಾಯಿತು. ಮೂಲದ ಕಸುಬು ಒಂದು ಮೂಲೆಗೆ ಸರಿಯಿತು. ಹತ್ತಾರು ಸಾವಿರ ಹೊದಿಕೆಗಳನ್ನು ಆಸಕ್ತರು ಕೂಡಿಟ್ಟು, ಅಂತರಜಾಲದಲ್ಲಿ ವಸ್ತುಸಂಗ್ರಹಾಲಯವನ್ನೇ ನಿರ್ಮಿಸಿದ್ದಾರೆ. ಅದು ಸ್ತುತ್ಯವಾದ ಕಾರ್ಯ. ಆದರೆ ರಾಶಿಯಲ್ಲಿ ಕಾಳು ಜೊಳ್ಳು ಎರಡೂ ಸಮನಾಗಿ ಬಿದ್ದಿವೆ. ಸಂಗ್ರಹ ಮುಗಿದಲ್ಲಿ ವಿಮರ್ಶೆಯ ಹೊಣೆ ಮೊದಲಾಗುತ್ತದೆ. ಹೆಸರು ಬಯಸದೆ ದುಡಿದ ಆ ಕುಶಲಿಗಳಿಗೆ ಆಯ್ಕೆಯೇ ಸಲ್ಲಬೇಕಾದ ಗೌರವ.