ನಿಷೇಧಾಜ್ಞೆಯೂ ನೋಡುವವನ ಹೊಣೆಯೂ

ಅಮೆರಿಕದ ರಾಷ್ಟ್ರೀಯ ಉದ್ಯಾನ ಸೇವೆಯು 2014ರ ಜೂನ್ ತಿಂಗಳಲ್ಲಿ ಹೊರಡಿಸಿದ 14-05 ಸಂಖ್ಯೆಯ ನೀತಿಪತ್ರವು ಗಾತ್ರದಲ್ಲಿ ಕಿರಿದು, ಪರಿಣಾಮದಲ್ಲಿ ಹಿರಿದು. ಅಂದಿನ ನಿರ್ದೇಶಕರಾದ ಜೊನಾಥನ್ ಜಾರ್ವಿಸ್ ಅವರ ಸಹಿಯುಳ್ಳ ಈ ಪತ್ರವು ಉದ್ಯಾನಗಳ ನೆಲದ ಮೇಲಾಗಲಿ ಜಲದ ಮೇಲಾಗಲಿ ನಿಂತು ಡ್ರೋನ್ ಎಂಬ ಚಾಲಕರಹಿತ ವಿಮಾನವನ್ನು ಮೇಲೇರಿಸುವುದು, ಇಳಿಸುವುದು, ನಡೆಸುವುದು ಈ ಮೂರನ್ನೂ ನಿಷೇಧಿಸುವಂತೆ ಪ್ರತಿಯೊಂದು ಉದ್ಯಾನದ ಮುಖ್ಯಾಧಿಕಾರಿಗೆ ಆದೇಶಿಸುತ್ತದೆ. ಮೀರಿದವನಿಗೆ ಆರು ತಿಂಗಳವರೆಗೆ ಸೆರೆವಾಸ, 5,000 ಡಾಲರುಗಳವರೆಗೆ ದಂಡ. ವೈಜ್ಞಾನಿಕ ಅಧ್ಯಯನ, ದಾರಿತಪ್ಪಿದವರ ಶೋಧ, ಕಾಡ್ಗಿಚ್ಚಿನ ನಿವಾರಣೆ ಮುಂತಾದ ಕಾರ್ಯಗಳಿಗೆ ಮಾತ್ರ ಅನುಮತಿಯ ಮೇರೆಗೆ ವಿನಾಯಿತಿ ಉಂಟು. ಪತ್ರವು ತನ್ನನ್ನು ತಾನೇ ತಾತ್ಕಾಲಿಕ ಕ್ರಮವೆಂದು ಕರೆದುಕೊಂಡಿದೆ. ಒಂದು ದಶಕವು ಕಳೆದ ಮೇಲೂ ಕಾರ್ಯದಲ್ಲಿ ನಡೆದಿರುವುದು ಈ ತಾತ್ಕಾಲಿಕವೇ.

ಇಂಥ ಆಜ್ಞೆಯನ್ನು ಆಡಳಿತದ ಕಾಗದವೆಂದು ಬದಿಗಿರಿಸದೆ, ಒಂದು ನೈತಿಕ ಬರಹವೆಂದು ಓದಿ ಅದರ ಗುಣದೋಷಗಳನ್ನು ತೂಗಿ ನೋಡುವುದು ಉಚಿತ. ಏಕೆಂದರೆ ಇದರ ಒಡಲಲ್ಲಿರುವ ಪ್ರಶ್ನೆ ಯಂತ್ರಕ್ಕೆ ಸಂಬಂಧಿಸಿದ್ದಲ್ಲ. ಮುಟ್ಟದೆ, ಹಿಡಿಯದೆ, ಕೊಲ್ಲದೆ, ಬರಿಯ ನೋಡುವುದರಿಂದ ಜೀವಕ್ಕೆ ಬಾಧೆಯಾಗಬಲ್ಲದೆ? ಆದಲ್ಲಿ ಆ ಬಾಧೆಗೆ ಹೊಣೆ ಯಾರದು?

ಆಜ್ಞೆಯನ್ನು ಪ್ರಕಟಿಸುವಾಗ ಸೇವೆಯು ಕೆಲವು ಪ್ರಸಂಗಗಳನ್ನು ಉದಾಹರಿಸಿತು. 2013ರ ಸೆಪ್ಟೆಂಬರಿನಲ್ಲಿ ಮೌಂಟ್ ರಶ್‌ಮೋರ್ ಸ್ಮಾರಕದ ಬಯಲುರಂಗದಲ್ಲಿ ಕುಳಿತಿದ್ದ ಜನರ ತಲೆಯ ಮೇಲೆ ಡ್ರೋನೊಂದು ಹಾರಾಡಿತು. ಅಪಾಯವಾದೀತೆಂದು ರಕ್ಷಕರು ಅದನ್ನು ವಶಪಡಿಸಿಕೊಂಡರು. 2014ರಲ್ಲಿ ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯ ಅಂಚಿನಲ್ಲಿ ಸೂರ್ಯಾಸ್ತಕ್ಕೆಂದು ಮೌನವಾಗಿ ನೆರೆದಿದ್ದವರ ಮುಂದೆ ಗದ್ದಲವೆಬ್ಬಿಸುತ್ತ ಅತ್ತಿತ್ತ ಸುಳಿದಾಡಿದ ಇನ್ನೊಂದು ಯಂತ್ರವು ಕೊನೆಗೆ ಕಣಿವೆಯೊಳಗೆ ಬಿತ್ತು. ಅದೇ ವಸಂತದಲ್ಲಿ ಜಾಯನ್ ಉದ್ಯಾನದಲ್ಲಿ ಬಿಗ್‌ಹಾರ್ನ್ ಜಾತಿಯ ಕಾಡುಕುರಿಗಳ ಹಿಂಡು ಡ್ರೋನಿಗೆ ಬೆದರಿ ಚದುರಿ, ಮರಿಗಳು ದೊಡ್ಡ ಕುರಿಗಳಿಂದ ಅಗಲಿದವೆಂದು ಸ್ವಯಂಸೇವಕರು ವರದಿ ಮಾಡಿದರು. ಈ ಮೂರರಲ್ಲಿ ಎರಡು ಮನುಷ್ಯನ ಸುರಕ್ಷತೆ ಹಾಗೂ ನೆಮ್ಮದಿಗೆ ಸೇರಿದವು. ಮೂರನೆಯದು ಮಾತ್ರ ಮೂಕಜೀವಿಗಳದು. ಆಜ್ಞೆಯ ದೌರ್ಬಲ್ಯ ಮೊದಲು ಕಾಣುವುದು ಈ ಅನುಪಾತದಲ್ಲಿಯೇ. ಉದ್ಯಾನದಲ್ಲಿ ಮನುಷ್ಯನು ಅತಿಥಿ, ಕುರಿಯು ನಿವಾಸಿ. ಅತಿಥಿಯ ಸೂರ್ಯಾಸ್ತ ಕೆಟ್ಟರೆ ಮರುದಿನ ಮತ್ತೊಂದು ಉಂಟು.

ಆದರೂ ಆಜ್ಞೆಯ ನಿಲುವು ಸರಿಯೆಂಬುದನ್ನು ಅನಂತರದ ಸಂಗತಿಗಳು ತೋರಿಸಿಕೊಟ್ಟವು. ಅಮೆರಿಕದ ಮಿನೆಸೋಟ ರಾಜ್ಯದಲ್ಲಿ ಸಂಶೋಧಕರು ಕರಡಿಗಳ ಶರೀರದಲ್ಲಿ ಹೃದಯಬಡಿತವನ್ನು ದಾಖಲಿಸುವ ಉಪಕರಣವನ್ನು ಅಳವಡಿಸಿ, ಅವುಗಳ ಮೇಲೆ ಡ್ರೋನನ್ನು ಹಾರಿಸಿ ನಡೆಸಿದ ಪರೀಕ್ಷೆಯ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಹೊರನೋಟಕ್ಕೆ ಹೆಚ್ಚಿನ ವೇಳೆ ಕರಡಿಗಳು ಕದಲಲಿಲ್ಲ, ಓಡಲಿಲ್ಲ. ಹೃದಯ ಮಾತ್ರ ಬೇರೆಯೇ ಕಥೆ ಹೇಳಿತು. ಒಂದು ಕರಡಿಯ ಬಡಿತವು ಮೊದಲಿದ್ದುದಕ್ಕಿಂತ ನಿಮಿಷಕ್ಕೆ 123ರಷ್ಟು ಏರಿತ್ತು. ದಡದಲ್ಲಿ ನಿಂತವನು ಅದನ್ನು ಕಂಡು "ಪ್ರಾಣಿಗೆ ಏನೂ ಆಗಲಿಲ್ಲ" ಎಂದೇ ಸಾಕ್ಷಿ ನುಡಿಯುತ್ತಿದ್ದ. ಅವನ ಸಾಕ್ಷ್ಯದಲ್ಲಿ ಸುಳ್ಳೂ ಇರುತ್ತಿರಲಿಲ್ಲ. (ಈ ಸತ್ಯವನ್ನು ಅರಿಯಲು ಕೂಡ ಕರಡಿಗಳ ಮೇಲೆ ಡ್ರೋನ್ ಹಾರಿಸಬೇಕಾಯಿತೆಂಬುದು ಬೇರೆ ಮಾತು.) ಬಾಧೆಯು ಕಣ್ಣಿಗೆ ಕಾಣಲೇಬೇಕೆಂಬ ನಿಯಮವಿಲ್ಲ. ನಮ್ಮ ಆಚಾರಗ್ರಂಥಗಳ ಪರಿಭಾಷೆಯಲ್ಲಿ ಪ್ರಮಾದವೆಂಬ ಶಬ್ದವಿದೆ. ಕೊಲ್ಲುವ ಬಯಕೆಯಿಲ್ಲದಿದ್ದರೂ ಎಚ್ಚರವಿಲ್ಲದ ನಡೆಯನ್ನು ಅದು ದೋಷದಿಂದ ಮುಕ್ತಗೊಳಿಸುವುದಿಲ್ಲ. ಇಲ್ಲಿ ಆ ಶಬ್ದ ಅಕ್ಷರಶಃ ಸಲ್ಲುತ್ತದೆ.

2018ರಲ್ಲಿ ರಷ್ಯದ ಮಗದಾನ್ ಪ್ರಾಂತದಲ್ಲಿ ಡ್ರೋನಿನಿಂದ ಚಿತ್ರಿಸಿದ ಒಂದು ದೃಶ್ಯವು ಲೋಕವನ್ನೇ ಸುತ್ತಿತು. ಹಿಮದ ಕಡಿದಾದ ಇಳಿಜಾರಿನಲ್ಲಿ ತಾಯಿಕರಡಿಯೊಂದು ಮೇಲೇರುತ್ತದೆ; ಹಿಂದೆ ಬರುತ್ತಿರುವ ಮರಿಯು ಜಾರುತ್ತದೆ, ಏರುತ್ತದೆ, ಮತ್ತೆ ಜಾರುತ್ತದೆ. ಇನ್ನೇನು ತಾಯಿಯನ್ನು ಮುಟ್ಟಿತೆನ್ನುವಾಗ ತಾಯಿಯೇ ಪಂಜವನ್ನು ಬೀಸುತ್ತಾಳೆ, ಮರಿ ಬಹುದೂರ ಕೆಳಕ್ಕೆ ಉರುಳುತ್ತದೆ. ಕಟ್ಟಕಡೆಗೆ ಅದು ತುದಿಯನ್ನು ತಲಪಿ, ಎರಡೂ ಓಡಿ ಮರೆಯಾಗುತ್ತವೆ. ಕೋಟ್ಯಂತರ ಜನ ಇದನ್ನು ಛಲದ ನೀತಿಕಥೆಯೆಂದು ಕೊಂಡಾಡಿ ಮಕ್ಕಳಿಗೆ ತೋರಿಸಿದರು. ವನ್ಯಜೀವಿಗಳ ಅಧ್ಯಯನಕಾರರು ಓದಿದ್ದು ಬೇರೆಯದನ್ನು. ಅಷ್ಟು ಎಳೆಯ ಮರಿಯೊಡನೆ ತಾಯಿಕರಡಿ ಇಂಥ ದಾರಿಯನ್ನು ಸುಮ್ಮನೆ ಹಿಡಿಯುವುದಿಲ್ಲ; ತಲೆಯ ಮೇಲಿನ ಯಂತ್ರಕ್ಕೆ ಅಂಜಿಯೇ ಅದು ಅಲ್ಲಿ ಏರಿರಬೇಕು; ಪಂಜವನ್ನು ಬೀಸಿದುದೂ ಸಮೀಪಿಸಿದಂತೆ ತೋರಿದ ಡ್ರೋನಿನಿಂದ ಮರಿಯನ್ನು ಕಾಯಲೆಂದೇ ಇರಬೇಕು ಎಂಬುದು ಅವರ ಆಕ್ಷೇಪ. ಚಿತ್ರಿಸಿದವನು ಈ ಆರೋಪವನ್ನು ಒಪ್ಪಲಿಲ್ಲವೆಂಬುದನ್ನೂ ಹೇಳಬೇಕು. ವಾದವೇನೇ ಇರಲಿ, ಆ ಚಿತ್ರದ ದೊಡ್ಡ ಲೋಪವೆಂದರೆ ತನ್ನನ್ನು ತಾನು ತೋರಿಸಿಕೊಳ್ಳದಿರುವುದು. ಅಲ್ಲಿ ತಾಯಿಯಿದ್ದಾಳೆ, ಮರಿಯಿದೆ, ಹಿಮವಿದೆ. ಮೂರನೆಯ ಪಾತ್ರವಾದ ಯಂತ್ರ ಮಾತ್ರ ಇಲ್ಲ. ಅದರ ಸದ್ದೂ ನೋಡುವವನಿಗೆ ಕೇಳಿಸದು. ಭಯದ ಕಾರಣವನ್ನು ಚೌಕಟ್ಟಿನ ಹೊರಗಿರಿಸಿದರೆ ಭಯವೇ ಧೈರ್ಯವಾಗಿ ತೋರುತ್ತದೆ.

ಇದಕ್ಕಿಂತ ಘೋರವಾದುದು ನಡೆದದ್ದು 2021ರ ಮೇ ತಿಂಗಳಲ್ಲಿ, ಕ್ಯಾಲಿಫೋರ್ನಿಯದ ಬೋಲ್ಸ ಚೀಕ ಪಕ್ಷಿರಕ್ಷಣಾ ಪ್ರದೇಶದಲ್ಲಿ. ಡ್ರೋನಿಗೆ ನಿಷೇಧವಿದ್ದ ಆ ಸ್ಥಳದಲ್ಲಿ ಯಾರೋ ಹಾರಿಸಿದ ಯಂತ್ರವು ಗೂಡುಗಳ ನಡುವೆ ಬಿತ್ತು. ಎಲಿಗೆಂಟ್ ಟರ್ನ್ ಎಂಬ ಕಡಲಹಕ್ಕಿಗಳು ಸುಮಾರು 3,000 ಸಂಖ್ಯೆಯಲ್ಲಿ ಎದ್ದು ಹೋದವು, ಮರಳಲಿಲ್ಲ. ಮರಳ ಮೇಲೆ ಸಾವಿರಕ್ಕೂ ಮಿಕ್ಕಿ ಮೊಟ್ಟೆಗಳು ಅನಾಥವಾಗಿ ಉಳಿದವು. ಹಾರಿಸಿದವನ ಮನಸ್ಸಿನಲ್ಲಿ ಒಂದು ಮೊಟ್ಟೆಯನ್ನೂ ಒಡೆಯುವ ಯೋಚನೆ ಇದ್ದಿರಲಾರದು.

ಮನುಷ್ಯರ ಸುರಕ್ಷತೆಯ ವಾದವೂ ಹುರುಳಿಲ್ಲದ್ದಲ್ಲ. 2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ನಗರದ ಪಾಲಿಸೇಡ್ಸ್ ಬೆಂಕಿಯ ಮೇಲೆ ನೀರು ಸುರಿಯುತ್ತಿದ್ದ ವಿಮಾನಕ್ಕೆ ಡ್ರೋನ್ ಬಡಿದು ರೆಕ್ಕೆಯಲ್ಲಿ ತೂತಾಯಿತು; ಮನೆಗಳು ಉರಿಯುತ್ತಿರುವಾಗ ಆ ವಿಮಾನ ನೆಲದಲ್ಲಿ ನಿಲ್ಲಬೇಕಾಯಿತು. ಇದು ಉದ್ಯಾನದ ಹೊರಗಿನ ಘಟನೆಯಾದರೂ ಪಶ್ಚಿಮದ ಉದ್ಯಾನಗಳಿಗೆ ಕಾಡ್ಗಿಚ್ಚು ಹೊಸದಲ್ಲ.

ಆಜ್ಞೆಯ ವಿರೋಧಿಗಳ ವಾದಗಳಲ್ಲಿ ಒಂದಕ್ಕೆ ತೂಕವಿದೆ. ಗ್ರ್ಯಾಂಡ್ ಕ್ಯಾನ್ಯನ್ನಿನ ಮೇಲೆ ಪ್ರವಾಸಿಗಳನ್ನು ಹೊತ್ತ ಹೆಲಿಕಾಪ್ಟರುಗಳು ಹಣ ಪಡೆದು ಹಾರುತ್ತಿರುವಾಗ, ಅಂಗೈಯಗಲದ ಆಟಿಕೆಗೆ ಮಾತ್ರ ನಿಷೇಧವೇಕೆಂದು ಅವರು ಕೇಳುತ್ತಾರೆ. 1986ರ ಜೂನಿನಲ್ಲಿ ಅದೇ ಕಣಿವೆಯ ಮೇಲೆ ಪ್ರವಾಸಿ ವಿಮಾನವೂ ಹೆಲಿಕಾಪ್ಟರೂ ಡಿಕ್ಕಿಯಾಗಿ 25 ಜನ ಮಡಿದರು. ಮರುವರ್ಷ ಸಂಸತ್ತು ಕಾಯಿದೆ ತಂದು ಹಾರಾಟಕ್ಕೆ ಮಾರ್ಗವನ್ನೂ ಎತ್ತರವನ್ನೂ ಗೊತ್ತುಪಡಿಸಲು ಹೊರಟಿತೇ ಹೊರತು ಹಾರಾಟವನ್ನು ನಿಲ್ಲಿಸಲಿಲ್ಲ. ವಿರೋಧಿಗಳು ತೋರಿಸಿದ ಅಸಮತೆ ದಿಟ. ಆದರೆ ದೊಡ್ಡ ಬಾಧೆಗೆ ರಿಯಾಯಿತಿ ಉಂಟೆಂಬ ಕಾರಣದಿಂದ ಚಿಕ್ಕ ಬಾಧೆಗೂ ಹಕ್ಕು ಕೇಳುವುದು ತರ್ಕವಲ್ಲ. ಆ ಅಸಮತೆಯಿಂದ ಹೊರಡಬೇಕಾದ ನಿರ್ಣಯ ಹೆಲಿಕಾಪ್ಟರನ್ನು ಕುರಿತದ್ದು.

ನಡೆಯಲಾರದ ವೃದ್ಧರಿಗೂ ಅಂಗವಿಕಲರಿಗೂ ಡ್ರೋನು ಶಿಖರದ ದರ್ಶನ ಮಾಡಿಸಬಲ್ಲದೆಂಬ ಮಾತು ಕರುಣೆಯುಳ್ಳದ್ದು. ಅದಕ್ಕೆ ಅನುಮತಿ ಪಡೆದು ಒಮ್ಮೆ ತೆಗೆದ ಒಳ್ಳೆಯ ಚಿತ್ರ ಸಾಕು. ಪ್ರತಿಯೊಬ್ಬನೂ ತನ್ನದೇ ಯಂತ್ರವನ್ನು ಹಾರಿಸಬೇಕಿಲ್ಲ.

ಆಜ್ಞೆಯ ನಿಜವಾದ ಕೊರತೆ ಬೇರೆಡೆ ಇದೆ. ಅದರ ಅಧಿಕಾರವೆಲ್ಲ ನೆಲಕ್ಕೆ ಸೀಮಿತ. ಆಕಾಶವು ಉದ್ಯಾನ ಸೇವೆಯದಲ್ಲ, ನಾಗರಿಕ ವಿಮಾನಯಾನದ ಕೇಂದ್ರಾಡಳಿತದ್ದು. ಗಡಿಯ ಹೊರಗಿನ ನೆಲದಲ್ಲಿ ನಿಂತು ಒಳಕ್ಕೆ ಹಾರಿಸುವವನನ್ನು ಈ ಪತ್ರವು ಮುಟ್ಟಲಾರದು. ವನ್ಯಪ್ರಾಣಿಗಳನ್ನು ಬೆದರಿಸಬಾರದೆಂಬ ಹಳೆಯ ನಿಯಮವನ್ನೇ ಅಲ್ಲಿ ಆಶ್ರಯಿಸಬೇಕು, ಆದರೆ ಕರಡಿಯು ಕದಲದೆ ನಿಂತಿದ್ದರೆ ಬೆದರಿತೆಂದು ನ್ಯಾಯಾಲಯದಲ್ಲಿ ಸಿದ್ಧಪಡಿಸುವುದು ಹೇಗೆ? ಹದ್ದಿಗೂ ಕುರಿಗೂ ಗಡಿಯ ಗೆರೆ ತಿಳಿಯದು. ಆಜ್ಞೆ ಹೊರಟ ಒಂದೂವರೆ ತಿಂಗಳಿಗೆ, 2014ರ ಆಗಸ್ಟಿನಲ್ಲಿ, ಹೊರದೇಶದ ಪ್ರವಾಸಿಯೊಬ್ಬನು ಯೆಲ್ಲೊಸ್ಟೋನ್ ಉದ್ಯಾನದ ಗ್ರ್ಯಾಂಡ್ ಪ್ರಿಸ್ಮ್ಯಾಟಿಕ್ ಬಿಸಿನೀರಿನ ಬುಗ್ಗೆಯಲ್ಲಿ ತನ್ನ ಡ್ರೋನನ್ನು ಬೀಳಿಸಿ, ದಂಡ ಮತ್ತು ಪರಿಹಾರವೆಂದು 3,000 ಡಾಲರಿಗೂ ಹೆಚ್ಚು ತೆರಬೇಕಾಯಿತು. ಯಂತ್ರವು ನೀರಿಗೆ ಬಿದ್ದುದರಿಂದ ಸುದ್ದಿಯಾಯಿತು. ಬೀಳದೆ ಹಿಂತಿರುಗಿದ ಯಂತ್ರಗಳ ಚಿತ್ರಗಳು ಮೆಚ್ಚುಗೆಯನ್ನೇ ಪಡೆಯುತ್ತವೆ.

ತಾತ್ಕಾಲಿಕ ಪತ್ರದ ಸ್ಥಾನದಲ್ಲಿ ಶಾಶ್ವತ ನಿಯಮ ಬರುವುದಾದರೆ ಅದರಲ್ಲಿ ಮೂಕಜೀವಿಗಳ ನೆಮ್ಮದಿ ಮೊದಲ ಕಾರಣವಾಗಿ ಬರೆಯಲ್ಪಡಬೇಕು. ಗೂಡು ಕಟ್ಟುವ, ಮರಿ ಹಾಕುವ ತಿಂಗಳುಗಳಲ್ಲಿ ಗಡಿಯ ಹೊರಗೂ ಇಂತಿಷ್ಟು ದೂರವೆಂಬ ಮಿತಿಯನ್ನು ಆಕಾಶದ ಅಧಿಕಾರಿಗಳೊಡನೆ ಕೂಡಿ ಗೊತ್ತುಮಾಡಬೇಕು. ಹೆಲಿಕಾಪ್ಟರಿನ ಪ್ರಶ್ನೆಯನ್ನೂ ಅದೇ ನಿಯಮದಲ್ಲಿ ಕೈಗೆತ್ತಿಕೊಳ್ಳುವುದು ಉಚಿತ. ವಿನಾಯಿತಿ ಪಡೆದ ವಿಜ್ಞಾನಿಯೂ ತನ್ನ ಹಾರಾಟದಿಂದ ಪ್ರಾಣಿಗಳಿಗೆ ಆದುದೇನೆಂಬುದನ್ನು ಬರೆದು ಒಪ್ಪಿಸಬೇಕು.