ಈಸೂರಿನ ಅಮಲ್ದಾರ: ಗ್ರಾಮಸ್ವಾಯತ್ತತೆಯ ಕಲ್ಪನೆಯ ಒಂದು ವಿಮರ್ಶೆ

ಪಂಚಾಯತಿಗಳನ್ನು ಕುರಿತ ಬರಹಗಳಲ್ಲಿ ‘ಅಧಿಕಾರ ವಿಕೇಂದ್ರೀಕರಣ’ ಎಂಬ ಮಾತು ನಿಸ್ಸಂಕೋಚವಾಗಿ ಬಳಕೆಯಾಗುತ್ತಿದೆ. ಈ ಮಾತಿನ ಒಡಲಲ್ಲಿಯೇ ಒಂದು ಸಿದ್ಧಾಂತ ಅಡಗಿದೆ. ಅಧಿಕಾರವು ಮೂಲತಃ ಕೇಂದ್ರದ ಸ್ವತ್ತು; ಅಲ್ಲಿಂದ ಅದನ್ನು ಕೆಳಗಿನವರಿಗೆ ಹಂಚಲಾಗುತ್ತದೆ ಎಂಬುದೇ ಆ ಸಿದ್ಧಾಂತ. ಆದರೆ ನಮ್ಮ ಸಂವಿಧಾನದ ಪೀಠಿಕೆಯು ಪ್ರಜೆಗಳ ಹೆಸರಿನಿಂದಲೇ ಆರಂಭವಾಗುತ್ತದೆ. ಪ್ರಜೆಗಳೇ ಪರಮಾಧಿಕಾರಿಗಳಾದ ಮೇಲೆ ಗ್ರಾಮಕ್ಕೆ ಅಧಿಕಾರವನ್ನು ‘ಕೊಡುವವರು’ ಯಾರು? ಕನ್ನಡನಾಡಿನ ಒಂದು ಹಳ್ಳಿಯ ಚರಿತ್ರೆಯನ್ನೂ ಅನಂತರದ ಶಾಸನಗಳನ್ನೂ ಎದುರಿಗಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ನಮ್ಮ ಉದ್ದೇಶ.

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಈಸೂರು, 1942ರ ಚಳವಳಿಯ ಕಾಲದಲ್ಲಿ, ತಾನು ಸ್ವತಂತ್ರವೆಂದು ಸಾರಿಕೊಂಡಿತು. ವೀರಭದ್ರನ ಗುಡಿಯ ಮೇಲೆ ತ್ರಿವರ್ಣ ಧ್ವಜವೇರಿತು. ಊರವರು ತಮ್ಮದೇ ಸರ್ಕಾರವನ್ನು ರಚಿಸಿ, ಒಬ್ಬ ಬಾಲಕನನ್ನು ಅಮಲ್ದಾರನನ್ನಾಗಿಯೂ ಮತ್ತೊಬ್ಬನನ್ನು ಪೊಲೀಸ್ ಸಬ್‌ಇನ್ಸ್‌ಪೆಕ್ಟರನನ್ನಾಗಿಯೂ ನೇಮಿಸಿದರು. ಸೆಪ್ಟೆಂಬರ್ 28ರಂದು ನಡೆದ ಘರ್ಷಣೆಯಲ್ಲಿ ಮೈಸೂರು ಸಂಸ್ಥಾನದ ಅಮಲ್ದಾರರೂ ಸಬ್‌ಇನ್ಸ್‌ಪೆಕ್ಟರರೂ ಹತರಾದರು. ಸಂಸ್ಥಾನದ ಪ್ರತೀಕಾರ ಕಠೋರವಾಗಿತ್ತು; 1943ರ ಮಾರ್ಚ್ ತಿಂಗಳಲ್ಲಿ ಊರಿನ ಐವರನ್ನು ಗಲ್ಲಿಗೇರಿಸಲಾಯಿತು.

ಈ ಪ್ರಸಂಗವನ್ನು ದೇಶಭಕ್ತಿಯ ಕಥೆಯಾಗಿ ಕೊಂಡಾಡುವುದು ವಾಡಿಕೆ. ಆ ಕೊಂಡಾಟ ಯುಕ್ತವೇ ಆದರೂ ವಿಚಾರ ಅಲ್ಲಿಗೆ ನಿಲ್ಲಬಾರದು. ಸ್ವತಂತ್ರವಾದ ಹಳ್ಳಿ ತನ್ನ ಅಧಿಕಾರಿಗೆ ಇಟ್ಟ ಹೆಸರು ಯಾವುದು? ಹಳೆಯ ಗೌಡಿಕೆಯದಲ್ಲ, ಪಂಚರದೂ ಅಲ್ಲ, ಸಂಸ್ಥಾನದ ಅಮಲ್ದಾರನದು. ಪ್ರಭುತ್ವವನ್ನು ಧಿಕ್ಕರಿಸಿದವರಿಗೂ ಅಧಿಕಾರವನ್ನು ಹೆಸರಿಸಲು ಪ್ರಭುತ್ವದ ಭಾಷೆಯೇ ಬೇಕಾಯಿತು. ಇದು ಈಸೂರಿನ ಕಲ್ಪನೆಯ ಮಿತಿ. ಆದರೆ ಅದರ ಶಕ್ತಿಯೂ ಇಲ್ಲಿಯೇ ಇದೆ. ಬಾಲಕನು ಅಮಲ್ದಾರನಾಗಬಲ್ಲನಾದರೆ, ಆ ಹುದ್ದೆಯ ಬಲ ರುಮಾಲಿನಲ್ಲಿಯೂ ಇಲ್ಲ, ಹುಜೂರಿನ ಹುಕುಮಿನಲ್ಲಿಯೂ ಇಲ್ಲ, ಜನರ ಒಪ್ಪಿಗೆಯಲ್ಲಿದೆ. ಪ್ರಜಾಪ್ರಭುತ್ವದ ತತ್ತ್ವವನ್ನು ಇದಕ್ಕಿಂತ ಸರಳವಾಗಿ ತೋರಿಸುವುದು ಕಷ್ಟ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಗ್ರಾಮದ ಒಪ್ಪಿಗೆ ಎಂದರೆ ಗ್ರಾಮದಲ್ಲಿ ಯಾರ ಒಪ್ಪಿಗೆ? 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಮಾತನಾಡಿದ ಡಾ. ಅಂಬೇಡ್ಕರ್ ಅವರು, ಹಳ್ಳಿಯು ಸಂಕುಚಿತತೆಯ ಹಾಗೂ ಜಾತೀಯತೆಯ ನೆಲೆಯೆಂದು ಕಟುವಾಗಿ ಟೀಕಿಸಿ, ಕರಡು ಸಂವಿಧಾನವು ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನೇ ಘಟಕವಾಗಿ ಸ್ವೀಕರಿಸಿದುದಕ್ಕೆ ಸಂತೋಷಪಟ್ಟರು. ಪಂಚಾಯತಿಗಳನ್ನು ಸಂಘಟಿಸಬೇಕೆಂಬ 40ನೆಯ ಅನುಚ್ಛೇದ ಸೇರಿದುದು ಆಮೇಲೆ, ಅದೂ ನಿರ್ದೇಶಕ ತತ್ತ್ವವಾಗಿ. ಈ ಟೀಕೆಯನ್ನು ನಾವು ಅಲ್ಲಗಳೆಯಲಾರೆವು. ಹಳ್ಳಿಯ ಬಲಿಷ್ಠರಿಂದ ಹಳ್ಳಿಯ ದುರ್ಬಲರನ್ನು ಕಾಯುವ ಹೊಣೆ ರಾಜ್ಯದ ಮೇಲಿದೆ. ಆದರೆ ಕಾಯುವ ಹೊಣೆ ಬೇರೆ, ಒಡೆತನ ಬೇರೆ.

ಈ ಭೇದವನ್ನು ಕರ್ನಾಟಕದ ಅನುಭವ ಸ್ಪಷ್ಟಪಡಿಸುತ್ತದೆ. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ಅವರ ಶ್ರದ್ಧೆಯಿಂದ ರೂಪುಗೊಂಡ 1983ರ ಶಾಸನವು ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳನ್ನು ಸ್ಥಾಪಿಸಿತು. ಸ್ತ್ರೀಯರಿಗೆ ಶೇಕಡಾ 25ರಷ್ಟು ಸ್ಥಾನಗಳನ್ನು ಮೀಸಲಿಟ್ಟಿತು. ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆಯನ್ನು ನೀಡಿತು. 1987ರಲ್ಲಿ ಚುನಾವಣೆಗಳು ನಡೆದವು. ಹಳ್ಳಿ ತಾನಾಗಿಯೇ ಸ್ತ್ರೀಯರಿಗೆ ಬಿಟ್ಟುಕೊಡದಿದ್ದ ಜಾಗವನ್ನು ಶಾಸನ ಒದಗಿಸಿತು. ರಾಜ್ಯಶಕ್ತಿಯ ಸದುಪಯೋಗವೆಂದರೆ ಇದು. ಆದರೆ 1992ರಲ್ಲಿ ಅವಧಿ ಮುಗಿದಾಗ ಹೊಸ ಚುನಾವಣೆ ನಡೆಯಲಿಲ್ಲ. ಜನಪ್ರತಿನಿಧಿಗಳ ಕುರ್ಚಿಗಳಿಗೆ ಆಡಳಿತಾಧಿಕಾರಿಗಳು ಬಂದರು. ಕೊಟ್ಟ ಕೈಯೇ ಕಸಿದುಕೊಂಡಿತು. ದಾನವಾಗಿ ಬಂದ ಸ್ವಾಯತ್ತತೆಯ ಗತಿ ಇಷ್ಟೇ.

1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿಯು ಈ ದೋಷವನ್ನು ನಿವಾರಿಸಲು ಯತ್ನಿಸಿತು. ಪಂಚಾಯತಿಯ ಅವಧಿ ಐದು ವರ್ಷ ಮಾತ್ರ, ಅದು ಮುಗಿಯುವ ಮುನ್ನವೇ ಚುನಾವಣೆ ಪೂರ್ಣಗೊಳ್ಳಬೇಕು ಎಂದು ಅದು ವಿಧಿಸಿತು. ಹಾಗಿದ್ದೂ 2021ರಲ್ಲಿ ಅವಧಿ ಮುಗಿದ ಜಿಲ್ಲಾ ಹಾಗೂ ತಾಲ್ಲೂಕು ಪಂಚಾಯತಿಗಳಿಗೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಶಾಸನದ ಅಕ್ಷರ ಬದಲಾದರೂ ಕೊಡುವವರ ಮನೋಧರ್ಮ ಬದಲಾಗಲಿಲ್ಲವೆಂದು ಹೇಳಬೇಕಾಗುತ್ತದೆ.

ಇದು ಹಳ್ಳಿಗರ ಪಾಡು ಮಾತ್ರವೆಂದು ನಗರವಾಸಿಗಳಾದ ನಾವು ಸಮಾಧಾನಪಡುವಂತಿಲ್ಲ. ಬೆಂಗಳೂರಿನ ವೈಯಾಲಿಕಾವಲನ್ನೇ ನೋಡಬಹುದು. ವೈಹಾಳಿ, ವೈಯಾಳಿ ಎಂದರೆ ಕುದುರೆ ಸವಾರಿ; ಕಾವಲು ಎಂದರೆ ಮೇವಿಗಾಗಿ ಕಾದಿರಿಸಿದ ಹುಲ್ಲುಗಾವಲು. ಆ ಹುಲ್ಲುಗಾವಲು ಬಡಾವಣೆಯಾಯಿತು, ಅಲ್ಲಿಯವರು ಮತದಾರರಾದರು. ಆದರೂ 2020ರ ಸೆಪ್ಟೆಂಬರಿನಲ್ಲಿ ಮಹಾನಗರ ಪಾಲಿಕೆಯ ಅವಧಿ ಮುಗಿದ ಮೇಲೆ ಅವರೂ ಚುನಾಯಿತ ಸದಸ್ಯರಿಲ್ಲದೆ ಆಡಳಿತಾಧಿಕಾರಿಯ ಕೈಕೆಳಗೆ ವರ್ಷಗಳನ್ನು ಕಳೆದರು. ಹೆಸರಿನಲ್ಲಿರುವ ಕಾವಲು ಆಡಳಿತದಲ್ಲಿಯೂ ಉಳಿಯಿತು.

ಆದುದರಿಂದ ನಮ್ಮ ನಿರ್ಣಯವಿಷ್ಟು: ಗ್ರಾಮದೊಳಗಿನ ಅನ್ಯಾಯವನ್ನು ತಡೆಯಲು ರಾಜ್ಯವು ಕೈಹಾಕಬಹುದು, ಹಾಕಲೇಬೇಕು, ಗ್ರಾಮಸರ್ಕಾರದ ಅಸ್ತಿತ್ವವನ್ನೇ ತಡೆಹಿಡಿಯುವ ಅಧಿಕಾರ ಅದಕ್ಕಿಲ್ಲ. ಈಸೂರಿನವರು ತಮ್ಮ ಅಮಲ್ದಾರನನ್ನು ನೇಮಿಸುವ ಮುನ್ನ ಯಾರ ಅಪ್ಪಣೆಯನ್ನೂ ಬೇಡಲಿಲ್ಲ. ಸ್ವತಂತ್ರ ಭಾರತದ ಮತದಾರನು ತನ್ನ ಪಂಚಾಯತಿಯ ಚುನಾವಣೆಗಾಗಿ ನ್ಯಾಯಾಲಯದ ಬಾಗಿಲಲ್ಲಿ ಕಾಯಬೇಕಾದುದು ವಿಷಾದದ ಸಂಗತಿ.